ಗದಾಯುದ್ಧದಲ್ಲಿ ಪೌರುಷವಿಚಾರ

ನಂಜನಗೂಡಿಗೆ ಸಮೀಪದ ಕಳಲೆಯು ಮೈಸೂರಿನ ದಳವಾಯಿಗಳ ಮೂಲಸ್ಥಾನವೆಂದು ಚರಿತ್ರೆಯನ್ನು ಬಲ್ಲವರಿಗೆ ಪ್ರಸಿದ್ಧವಾಗಿದೆ. ಅಲಂಕಾರಶಾಸ್ತ್ರದ ವ್ಯಾಸಂಗಿಗಳಿಗಾದರೋ ಆ ಊರಿನ ಹೆಸರು ಮತ್ತೊಂದು ಕಾರಣದಿಂದ ಪರಿಚಿತವಾದುದು. ಹದಿನೆಂಟನೆಯ ಶತಮಾನದ ಮಧ್ಯಭಾಗದಲ್ಲಿ ಮೈಸೂರಿನ ಸರ್ವಾಧಿಕಾರಿಯಾಗಿದ್ದ ಕಳಲೆಯ ನಂಜರಾಜನನ್ನು ನಾಯಕನನ್ನಾಗಿ ಇಟ್ಟುಕೊಂಡು ನೃಸಿಂಹಕವಿಯು 'ನಂಜರಾಜಯಶೋಭೂಷಣ'ವೆಂಬ ಲಕ್ಷಣಗ್ರಂಥವನ್ನು ರಚಿಸಿದನು. ಅದು ಬರೋಡೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ 1930ರಲ್ಲಿ ಅಚ್ಚಾಯಿತು. ವಿದ್ಯಾನಾಥನು ಕಾಕತೀಯ ಪ್ರತಾಪರುದ್ರನ ಮೇಲೆ ಬರೆದ 'ಪ್ರತಾಪರುದ್ರಯಶೋಭೂಷಣ'ವೇ ಇದಕ್ಕೆ ಮೇಲ್ಪಂಕ್ತಿ. ಲಕ್ಷಣವು ಪ್ರಾಚೀನರದು, ಉದಾಹರಣೆಗಳೆಲ್ಲ ಆಶ್ರಯದಾತನ ಸ್ತುತಿ. ಇದು ಆ ಜಾತಿಯ ಗ್ರಂಥಗಳ ಕ್ರಮ. ನಾಟಕಲಕ್ಷಣಕ್ಕೆ ಉದಾಹರಣೆಯಾಗಿ ನೃಸಿಂಹಕವಿಯು ಐದಂಕಗಳ 'ಚಂದ್ರಕಲಾಕಲ್ಯಾಣ'ವೆಂಬ ನಾಟಕವನ್ನೇ ಬರೆದು ಗ್ರಂಥದೊಳಗೆ ಸೇರಿಸಿದ್ದಾನೆ. ಅದರಲ್ಲಿ ನಂಜರಾಜನೇ ನಾಯಕ. ರಾಜಪುತ್ರಿಯ ಪಾಣಿಗ್ರಹಣವೇ ಫಲ.

ಇಂಥ ಗ್ರಂಥಗಳ ನಾಯಕನಿಗೆ ಸೋಲೆಂಬುದಿಲ್ಲ. ಕುಲೀನತೆ, ಔಜ್ಜ್ವಲ್ಯ, ಔದಾರ್ಯ, ತೇಜಸ್ವಿತೆ ಮೊದಲಾದ ಗುಣಗಳ ನಡುವೆ ವಿದ್ಯಾನಾಥನು ಮಹಾಭಾಗ್ಯವನ್ನೂ ನಾಯಕಗುಣವಾಗಿ ಎಣಿಸಿದ್ದಾನೆ. ಭಾಗ್ಯವೂ ಗುಣವೆಂದ ಮೇಲೆ ಭಾಗ್ಯಹೀನನು ನಾಯಕನಾಗುವುದೆಂತು? ನಂಜರಾಜನ ಬಾಳು ಈ ಲಕ್ಷಣಕ್ಕೆ ಅಧೀನವಾಗಿ ನಡೆಯಲಿಲ್ಲ. 1759ರಲ್ಲಿ ಅವನು ಹೈದರಾಲಿಯ ಏಳಿಗೆಗೆ ಎದುರು ನಿಲ್ಲಲಾರದೆ ಅಧಿಕಾರವನ್ನು ಬಿಟ್ಟು ಕೋಣನೂರಿಗೆ ಹೊರಟುಹೋದನು. ಆ ಪ್ರಯಾಣವನ್ನು ವರ್ಣಿಸುವುದಕ್ಕೆ 'ಯಶೋಭೂಷಣ'ದಲ್ಲಿ ಒಂದು ವಿಲಾಸವೂ ಇಲ್ಲ. ಇಲ್ಲಿ ಇನ್ನೊಂದು ಸಂಗತಿಯನ್ನು ನೆನೆಯಬಹುದು. 1895ರಲ್ಲಿ ಎಂ. ಎಲ್. ಶ್ರೀಕಂಠೇಶಗೌಡರು ಷೇಕ್ಸ್‌ಪಿಯರನ 'ಮ್ಯಾಕ್‌ಬೆತ್' ನಾಟಕವನ್ನು ಕನ್ನಡಕ್ಕೆ ಅಳವಡಿಸಿ ಅದಕ್ಕೆ 'ಪ್ರತಾಪರುದ್ರದೇವ'ವೆಂದು ಹೆಸರಿಟ್ಟರು. ಲಕ್ಷಣಗ್ರಂಥದ ಆದರ್ಶನಾಯಕನ ಹೆಸರು ರಾಜಘಾತದ ಕಥೆಗೆ ಬಂದುದು ಆಕಸ್ಮಿಕವೇ ಇರಬಹುದು. ಆದರೂ ಶಾಸ್ತ್ರವನ್ನು ಓದಿದವನ ಕಿವಿಗೆ ಅದು ಒಂದು ಪ್ರಶ್ನೆಯಂತೆ ಕೇಳಿಸುತ್ತದೆ. ಗೆಲ್ಲುವವನ ಪೌರುಷಕ್ಕೆ ಲಕ್ಷಣವುಂಟು. ಬೀಳುವವನ ಪೌರುಷಕ್ಕೆ ಲಕ್ಷಣವೇನು?

ಈ ಪ್ರಶ್ನೆಗೆ ಕನ್ನಡದಲ್ಲಿ ಉತ್ತರವನ್ನು ಹುಡುಕುವವರು ರನ್ನನ 'ಗದಾಯುದ್ಧ'ಕ್ಕೆ ಹೋಗಬೇಕು. ಅದು ಹತ್ತು ಆಶ್ವಾಸಗಳ ಚಂಪೂಕಾವ್ಯ, ನಾಟಕವಲ್ಲ. ಆದರೆ ಸಂವಾದಗಳ ಪ್ರಾಚುರ್ಯ, ವಿದೂಷಕನ ಪಾತ್ರ, ಭಾರತದ ಕಥೆಯನ್ನೆಲ್ಲ ಕಡೆಯ ದಿನದಲ್ಲಿ ನಿಂತು ಹಿಂದಿರುಗಿ ನೋಡುವ ಸಿಂಹಾವಲೋಕನಕ್ರಮ, ಇವುಗಳಿಂದ ಅದಕ್ಕೆ ನಾಟಕದ ಮೈಕಟ್ಟು ಬಂದಿದೆ. ಬಿ. ಎಂ. ಶ್ರೀಕಂಠಯ್ಯನವರು 1926ರಲ್ಲಿ ರನ್ನನ ಪದ್ಯಗಳನ್ನೇ ಆಯ್ದು ಜೋಡಿಸಿ 'ಗದಾಯುದ್ಧ ನಾಟಕಂ' ಎಂಬ ರುದ್ರನಾಟಕವನ್ನು ಮಾಡಲು ಸಾಧ್ಯವಾದುದು ಇದರಿಂದಲೇ. ಆ ಬಳಿಕ ದುರ್ಯೋಧನನ ಪಾತ್ರವನ್ನು ಕುರಿತು ಚರ್ಚೆ ಬೇಕಾದಷ್ಟು ನಡೆದಿದೆ. ಆದರೆ ಆ ಕಾವ್ಯದಲ್ಲಿ ಗಂಡಸು ಯಾರು, ಹೆಂಗಸಿನಿಂದ ಅವನು ಯಾವ ಗುಣಗಳಿಂದ ಬೇರೆ ಎಂಬ ವಿಚಾರವು ಅಷ್ಟಾಗಿ ವಿಮರ್ಶೆಗೆ ಗುರಿಯಾಗಿಲ್ಲ. ಕಾವ್ಯವಾದರೋ ಮೊದಲಿನಿಂದ ಕಡೆಯವರೆಗೆ ಅದೇ ಪ್ರಶ್ನೆಯ ಮೇಲೆ ನಿಂತಿದೆ.

ಮೊದಲು ಶಾಸ್ತ್ರದ ಮಾತನ್ನು ನೋಡತಕ್ಕದ್ದು. ಧನಂಜಯನ 'ದಶರೂಪಕ'ವು ಪುರುಷನ ಸಾತ್ತ್ವಿಕಗುಣಗಳನ್ನು ಎಂಟೆಂದು ಎಣಿಸುತ್ತದೆ: ಶೋಭೆ, ವಿಲಾಸ, ಮಾಧುರ್ಯ, ಗಾಂಭೀರ್ಯ, ಸ್ಥೈರ್ಯ, ತೇಜಸ್ಸು, ಲಲಿತ, ಔದಾರ್ಯ. ಒಳಗಿನ ವಿಕಾರವು ಹೊರಗೆ ಕಾಣಿಸದಿರುವುದು ಗಾಂಭೀರ್ಯ. ವಿಘ್ನಗಳು ಮುತ್ತಿದರೂ ಹಿಡಿದ ಕಾರ್ಯದಿಂದ ಕದಲದಿರುವುದು ಸ್ಥೈರ್ಯ. ಪ್ರಾಣ ಹೋಗುವ ಸಮಯದಲ್ಲಿಯೂ ಅಧಿಕ್ಷೇಪವನ್ನು ಸೈರಿಸದಿರುವುದು ತೇಜಸ್ಸು. ಪ್ರಿಯವಚನದೊಡನೆ ಪ್ರಾಣದವರೆಗೂ ಕೊಡುವುದು, ಸಜ್ಜನರನ್ನು ಆದರಿಸುವುದು ಔದಾರ್ಯ. ಶೋಭೆಯಲ್ಲಿ ಶೌರ್ಯದೊಡನೆ ಕೆಳಗಿನವರಲ್ಲಿ ಕನಿಕರವೂ ಸೇರಿದೆ. ವ್ಯಾಖ್ಯಾನಕಾರನಾದ ಧನಿಕನು ಇದಕ್ಕೆ ತಾಟಕೆಯು ಹೆಂಗಸೆಂದು ಕೊಲ್ಲಲು ಹಿಂಜರಿದ ರಾಮನನ್ನು ಉದಾಹರಿಸಿದ್ದಾನೆ. ಹೆಂಗಸರಿಗೆ ಬೇರೆ ಪಟ್ಟಿ ಉಂಟು. ಅಲ್ಲಿ ಇಪ್ಪತ್ತು ಅಲಂಕಾರಗಳು. ಈ ಎರಡು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ ಎರಡು ಸಂಗತಿಗಳು ಎದ್ದುಕಾಣುತ್ತವೆ. ಔದಾರ್ಯವೆಂಬ ಹೆಸರು ಎರಡರಲ್ಲಿಯೂ ಇದೆ. ಆದರೆ ಗಂಡಸಿಗೆ ಅದು ಪ್ರಾಣದಾನದವರೆಗೆ ಹೋಗುವ ಗುಣ, ಹೆಂಗಸಿಗೆ ಸದಾ ವಿನಯದಿಂದಿರುವುದಷ್ಟೆ. ತೇಜಸ್ಸಾದರೋ ಹೆಂಗಸರ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಇದರ ಜೊತೆಗೆ ನಾಟ್ಯಶಾಸ್ತ್ರವು ಶೋಕದ ವಿಷಯದಲ್ಲಿ ಹೆಂಗಸರನ್ನು ನೀಚಪ್ರಕೃತಿಗಳೊಡನೆ ಸೇರಿಸಿ, ಉತ್ತಮಮಧ್ಯಮರ ಶೋಕವನ್ನು ಧೈರ್ಯದಿಂದಲೂ ನೀಚರ ಶೋಕವನ್ನು ಅಳುವಿನಿಂದಲೂ ಅಭಿನಯಿಸಬೇಕೆಂದು ವಿಧಿಸುತ್ತದೆ. ತೇಜಸ್ಸು ಗಂಡಿಗೆ, ಕಣ್ಣೀರು ಹೆಣ್ಣಿಗೆ: ಇದು ಶಾಸ್ತ್ರದ ವಿಭಾಗ.

ಕಾಲದೇಶಗಳೂ ಇಲ್ಲಿ ಗಮನಾರ್ಹವಾಗಿವೆ. ಧನಂಜಯನು ಮಾಳವದ ಮುಂಜರಾಜನ ಆಸ್ಥಾನದವನು. ಆ ಮುಂಜನನ್ನು ಸೆರೆಹಿಡಿದು ಕೊಲ್ಲಿಸಿದವನು ಚಾಲುಕ್ಯ ತೈಲಪ. ಆ ತೈಲಪನೂ ಅವನ ಮಗನಾದ ಸತ್ಯಾಶ್ರಯ ಇರಿವಬೆಡಂಗನೂ ರನ್ನನ ಆಶ್ರಯದಾತರು. ಪೌರುಷಕ್ಕೆ ಎಂಟು ಗುಣಗಳನ್ನು ನಿಶ್ಚಯಿಸಿದ ಆಸ್ಥಾನದ ಅರಸನು ಶತ್ರುವಿನ ಸೆರೆಯಲ್ಲಿ ಸತ್ತನು. ಗೆದ್ದವರ ಆಸ್ಥಾನದಲ್ಲಿದ್ದ ಕನ್ನಡ ಕವಿಯು ಬಿದ್ದವನ ಪೌರುಷವನ್ನು ಕುರಿತು ಕಾವ್ಯ ಬರೆದನು. ಮುಂಜನ ಕಡೆಗಾಲಕ್ಕೆ ತೈಲಪನ ತಂಗಿ ಮೃಣಾಲವತಿಯ ದ್ರೋಹವೇ ಕಾರಣವೆಂದು ಮೇರುತುಂಗನ 'ಪ್ರಬಂಧಚಿಂತಾಮಣಿ'ಯು ಹೇಳುವುದು ಶತಮಾನಗಳ ಮೇಲೆ ಹುಟ್ಟಿದ ಕಥೆ. ಗಂಡಸು ಬಿದ್ದರೆ ಅದಕ್ಕೊಬ್ಬ ಹೆಂಗಸನ್ನು ಹೊಣೆ ಮಾಡುವ ವಾಡಿಕೆಗೆ ಅದೊಂದು ನಿದರ್ಶನವೆಂದು ಬಿಟ್ಟುಬಿಡಬಹುದು.

ಶಾಸ್ತ್ರವು ಹೀಗಿರಲು, ಕನ್ನಡ ನುಡಿಯಲ್ಲಿ ಪೌರುಷಕ್ಕಿರುವ ಮಾತು ಯಾವುದು? 'ಗಂಡ' ಎಂಬ ಶಬ್ದಕ್ಕೆ ಶೂರನೆಂದೂ ಪತಿಯೆಂದೂ ಎರಡರ್ಥ. ಈಗಿನ ಬಳಕೆಯಲ್ಲಿ ಎರಡನೆಯದೇ ಉಳಿದಿದೆ. ಶಾಸನಗಳಲ್ಲಿ ಮೊದಲನೆಯದೇ ಪ್ರಬಲ. ಮೂರುರಾಯರ ಗಂಡ, ಭಾಷೆಗೆ ತಪ್ಪುವ ರಾಯರ ಗಂಡ ಎಂಬ ವಿಜಯನಗರದ ಬಿರುದುಗಳೂ ಬಿರುದೆಂತೆಂಬರ ಗಂಡ ಎಂಬ ಮೈಸೂರು ಒಡೆಯರ ಬಿರುದೂ ಎಲ್ಲರಿಗೂ ತಿಳಿದವು. ಈ ಬಿರುದುಗಳ ವ್ಯಾಕರಣವನ್ನು ನೋಡಿರಿ: ಹಿಂದೆ ಒಂದು ಷಷ್ಠೀವಿಭಕ್ತಿಯ ಪದವಿಲ್ಲದೆ ಅವುಗಳಲ್ಲಿ ಗಂಡನಿಲ್ಲ. ಯಾರೋ ಒಬ್ಬರಿಗೆ, ಅದರಲ್ಲಿಯೂ ತಾನೇ ಶೂರನೆಂದುಕೊಂಡ ಇನ್ನೊಬ್ಬ ಗಂಡಸಿಗೆ, ಇವನು ಗಂಡ. ಒಬ್ಬನ ಗಂಡುತನವು ಮತ್ತೊಬ್ಬನ ಗಂಡುತನವನ್ನು ಕಳೆದೇ ಸಿದ್ಧಿಸಬೇಕೆಂಬ ಭಾವವು ಈ ವಿಭಕ್ತಿಯಲ್ಲಿಯೇ ಅಡಗಿದೆ. ಪರನಾರೀಸಹೋದರನೆಂಬ ಬಿರುದೂ ಅರಸರಿಗಿತ್ತು. ಆದರೆ ಯುದ್ಧಭೂಮಿಯಲ್ಲಿ ಕೂಗುವ ಬಿರುದು ಅದಲ್ಲ. ರನ್ನನ ಪ್ರಭುವಿನ ಬಿರುದಾದರೋ ಇರಿವಬೆಡಂಗ. ಇರಿಯುವುದರಲ್ಲಿಯೇ ಬೆಡಗನ್ನು ಕಂಡ ಕಾಲ ಅದು. ಅವನು ಸಾಹಸಭೀಮನೂ ಹೌದಾದ್ದರಿಂದ ಕಾವ್ಯಕ್ಕೆ 'ಸಾಹಸಭೀಮವಿಜಯ'ವೆಂಬ ಹೆಸರು ಬಂದಿತು, ಭೀಮನೇ ನಾಯಕನಾಗಬೇಕಾಯಿತು.

ಕಾವ್ಯದ ಕ್ರಿಯೆಯು ದ್ರೌಪದಿಯಿಂದ ಹೊರಡುತ್ತದೆ. ದುಶ್ಶಾಸನನ ವಧೆಯಾಗಿದೆ, ಕರ್ಣನು ಬಿದ್ದಿದ್ದಾನೆ. ಭೀಮನ ಎರಡು ಪ್ರತಿಜ್ಞೆಗಳಲ್ಲಿ ಒಂದು ತೀರಿದೆ, ತೊಡೆಯನ್ನು ಮುರಿಯುವ ಪ್ರತಿಜ್ಞೆ ಉಳಿದಿದೆ. ಈ ಹೊತ್ತಿನಲ್ಲಿ ಸಂಧಿಯಾಗಿಬಿಟ್ಟೀತೆಂಬ ಶಂಕೆಯಿಂದ ಮುಡಿಯನ್ನು ಕಟ್ಟದ ದ್ರೌಪದಿಯು ಭೀಮನನ್ನು ಕೆಣಕುತ್ತಾಳೆ. ಭಟ್ಟನಾರಾಯಣನ 'ವೇಣೀಸಂಹಾರ'ದಿಂದ ಈ ಸನ್ನಿವೇಶಕ್ಕೆ ಪ್ರೇರಣೆ ದೊರೆತಿರುವುದು ಸ್ಪಷ್ಟ. ಆದರೆ ಸಂಸ್ಕೃತನಾಟಕದಲ್ಲಿ ಭೀಮನ ಕ್ರೋಧವು ಮೊದಲೇ ಉರಿಯುತ್ತಿರುತ್ತದೆ. ಸಂಧಿಯ ಮಾತು ಕೇಳಿ ಅವನೇ ಕನಲಿ ಕುಳಿತಿರುತ್ತಾನೆ. ರನ್ನನಲ್ಲಿ ದ್ರೌಪದಿಯ ಮಾತಿನ ಭಾರ ಹೆಚ್ಚು. ಐವರು ಗಂಡಂದಿರಿದ್ದೂ ಸಭೆಯಲ್ಲಿ ಗಂಡನೆಂಬವನಿಲ್ಲದೆ ಹೋದವಳು ಅವಳು. ಶಬ್ದದ ಎರಡರ್ಥಗಳು ಅಂದು ಹಸ್ತಿನಾವತಿಯಲ್ಲಿ ಬೇರೆಬೇರೆಯಾಗಿ ಒಡೆದುಹೋದವು; ಅವನ್ನು ಮತ್ತೆ ಕೂಡಿಸೆಂದು ಅವಳು ಭೀಮನನ್ನು ಕೇಳುತ್ತಿದ್ದಾಳೆ.

ಪತಿವ್ರತೆಯಾದವಳು ಹೀಗೆ ಚುಚ್ಚಿ ನುಡಿಯುವುದು ಅನುಚಿತವೆಂದು ಆಕ್ಷೇಪಿಸುವವರುಂಟು. ಶಾಸ್ತ್ರದ ಸ್ತ್ರೀಗುಣಗಳ ಪಟ್ಟಿಯನ್ನೇ ಹಿಡಿದರೆ ಆಕ್ಷೇಪವು ನಿಲ್ಲುತ್ತದೆ; ಪಟ್ಟಿಯೇ ಸಾಲದೆಂಬುದು ಅದಕ್ಕೆ ಸಮಾಧಾನ. ಪ್ರಾಣಾತ್ಯಯದಲ್ಲಿಯೂ ಅಧಿಕ್ಷೇಪವನ್ನು ಸೈರಿಸದಿರುವ ಗುಣವು ಆ ಸನ್ನಿವೇಶದಲ್ಲಿ ಯಾರಲ್ಲಿದೆ? ಧರ್ಮರಾಯನು ಸೈರಿಸಿದ್ದಾನೆ, ಅರ್ಜುನನು ಸೈರಿಸಿದ್ದಾನೆ. ಭೀಮನು ಅಣ್ಣನಿಗೆ ಕಟ್ಟುಬಿದ್ದು ಹದಿಮೂರು ವರ್ಷ ಸೈರಿಸಿದ್ದಾನೆ. ಸೈರಿಸದವಳು ದ್ರೌಪದಿಯೊಬ್ಬಳೇ; ಬಿಚ್ಚಿದ ಮುಡಿಯು ಅದರ ಸಾಕ್ಷಿ. ಗಂಡಸಿನ ಎಂಟು ಗುಣಗಳಲ್ಲಿ ಅತ್ಯಂತ ಉಗ್ರವಾದುದನ್ನು ರನ್ನನು ಅವಳಿಗೆ ಕೊಟ್ಟಿದ್ದಾನೆ. ಅವಳು ಅಗ್ನಿಜಾತೆ, ಅವನು ವಾಯುಪುತ್ರ. ಗಾಳಿಯು ಉರಿಯನ್ನು ಹೆಚ್ಚಿಸಬಲ್ಲುದೇ ಹೊರತು ತಾನಾಗಿ ಉರಿಯಾಗಲಾರದು.

ಇಲ್ಲಿ 'ಮ್ಯಾಕ್‌ಬೆತ್' ನಾಟಕವನ್ನು ಹೋಲಿಕೆಗೆ ತರುವುದು ಯುಕ್ತವಾಗಿದೆ. ಆ ನಾಟಕವನ್ನು ಡಿ. ವಿ. ಗುಂಡಪ್ಪನವರು 1936ರಲ್ಲಿ ಕನ್ನಡಿಸಿದ ಮೇಲೆ ಅದು ಕನ್ನಡ ಅಧ್ಯಾಪಕರಿಗೂ ಕೈಗೆ ಎಟುಕಿತು. ಅಲ್ಲಿಯೂ ಹೆಂಡತಿಯೊಬ್ಬಳು ಗಂಡನ ಗಂಡುತನವನ್ನು ಶಂಕಿಸಿ ಅವನನ್ನು ಕೊಲೆಗೆ ಹೂಡುತ್ತಾಳೆ. ಗಂಡಸಿಗೆ ಉಚಿತವಾದುದನ್ನೆಲ್ಲ ಮಾಡಬಲ್ಲೆ, ಅದನ್ನು ಮೀರಿದವನು ಗಂಡಸೇ ಅಲ್ಲ ಎಂಬ ಅಭಿಪ್ರಾಯದ ಮಾತನ್ನು ಮ್ಯಾಕ್‌ಬೆತ್ ಹೇಳುತ್ತಾನೆ. ಅವಳು ಅದನ್ನು ಒಪ್ಪುವುದಿಲ್ಲ; ಮೀರುವುದೇ ಗಂಡುತನವೆಂಬುದು ಅವಳ ವಾದ. ಇಷ್ಟರಿಂದ ಇಬ್ಬರು ಸ್ತ್ರೀಯರೂ ಒಂದೇ ಎಚ್ಚಿನವರೆಂದು ಹೇಳಿಬಿಡುವುದು ಆತುರದ ಮಾತು. ಆ ರಾಣಿಯು ತನ್ನ ಕಾರ್ಯಕ್ಕೆ ಮೊದಲು ತನ್ನ ಹೆಣ್ತನವನ್ನು ಕಳೆದುಕೊಳ್ಳಬೇಕಾಗುತ್ತದೆ. ಎದೆಹಾಲು ಪಿತ್ತವಾಗಲೆಂದು ಅವಳು ಭೂತಗಳನ್ನು ಕರೆಯುತ್ತಾಳೆ. ದ್ರೌಪದಿಗೆ ಅಂಥ ಆವಾಹನೆಯ ಅಗತ್ಯವಿಲ್ಲ. ಅವಳ ಕೋಪವು ಹೆಣ್ಣಾಗಿ ಪಟ್ಟ ಅವಮಾನದಿಂದ ಹುಟ್ಟಿದುದು. ಅವಳು ಕೇಳುವುದು ನಿದ್ರಿಸುವ ಅತಿಥಿಯ ಕೊಲೆಯನ್ನಲ್ಲ, ಸಭೆಯಲ್ಲಿ ಎಲ್ಲರೂ ಕೇಳಿದ ಭಾಷೆಯ ಪೂರೈಕೆಯನ್ನು. ಆದಕಾರಣ ಅವಳಿಗೆ ರಾತ್ರಿಯಲ್ಲಿ ಎದ್ದು ನಡೆದಾಡುವ ರೋಗವೂ ಬರಲಿಲ್ಲ.

ಹಾಲಿನ ಮಾತು ಬಂದಿತು. ರನ್ನನ ಕಾವ್ಯದಲ್ಲಿಯೂ ಅದು ಬಂದಿದೆ. ಬಂದಿರುವ ಸ್ಥಳವೇ ಆಶ್ಚರ್ಯಕರವಾದುದು. ಸಂಜಯನೊಡನೆ ರಣರಂಗದಲ್ಲಿ ನಡೆಯುವ ದುರ್ಯೋಧನನು ಹೆಣಗಳ ನಡುವೆ ಕಾಲಿಟ್ಟು ಎಡವುತ್ತ, ಮರುಳುಗಳ ಅಣಕವನ್ನು ಕೇಳುತ್ತ, ತನ್ನವರ ಒಂದೊಂದು ಮೈಯನ್ನೂ ಕಂಡು ನಿಲ್ಲುತ್ತಾನೆ. ದುಶ್ಶಾಸನನನ್ನು ಕಂಡಾಗ ಅವನು ನೆನೆಯುವುದು ತಮ್ಮನ ಶೌರ್ಯವನ್ನಲ್ಲ. ತಾಯ ಮೊಲೆಹಾಲನ್ನು ಮೊದಲು ತಾನುಂಡೆ, ಬಳಿಕ ತಮ್ಮನುಂಡ. ಆ ಕ್ರಮವು ಸಾವಿನಲ್ಲಿ ತಪ್ಪಿಹೋಯಿತಲ್ಲಾ ಎಂಬುದು ಅವನ ಅಳಲು. ಸೋದರಭಾವಕ್ಕೆ ಅಳತೆಯಾಗಿ ಬಂದುದು ಗದೆಯಲ್ಲ, ಗಾಂಧಾರಿಯ ಎದೆಹಾಲು. ಆಂಗ್ಲನಾಟಕದಲ್ಲಿ ಹಾಲು ಬತ್ತಿದ ಹೊರತು ಪೌರುಷವು ಸಿದ್ಧಿಸದು. ಇಲ್ಲಿ ಪೌರುಷದ ಮಹಾಶಿಖರದಲ್ಲಿ ಹಾಲಿನ ನೆನಪು ಉಕ್ಕುತ್ತದೆ. ರನ್ನನ ಪ್ರತಿಭೆಗೆ ಇದಕ್ಕಿಂತ ದೊಡ್ಡ ಸಾಕ್ಷ್ಯವನ್ನು ಆ ಕಾವ್ಯದಲ್ಲಿ ಬೇರೆಲ್ಲಿಯೂ ಹುಡುಕಬೇಕಾಗಿಲ್ಲ.

ಹೀಗೆ ಅಳುವುದು ಉತ್ತಮನಾಯಕನಿಗೆ ಒಪ್ಪುವುದೇ? ನಾಟ್ಯಶಾಸ್ತ್ರದ ವಿಧಿಯನ್ನು ಮುಂದಿಟ್ಟು, ದುರ್ಯೋಧನನು ಪ್ರತಿನಾಯಕನಾದ್ದರಿಂದ ಕವಿಯು ಅವನನ್ನು ಅಳಿಸಿದನು, ಭೀಮನನ್ನು ಅಳಿಸಲಿಲ್ಲ ಎಂದು ಸಮರ್ಥಿಸಬಹುದು. ಆದರೆ ಪದ್ಯಗಳ ಧ್ವನಿಯು ಈ ಸಮರ್ಥನೆಗೆ ಒಡಂಬಡುವುದಿಲ್ಲ. ಅದೇ ರಣರಂಗದಲ್ಲಿ ಅವನು ಶತ್ರುವಿನ ಮಗನಾದ ಅಭಿಮನ್ಯುವಿನ ಹೆಣದ ಮುಂದೆ ಕೈಮುಗಿದು, ಅಂಥ ಸಾವು ತನಗೂ ಬರಲೆಂದು ಬೇಡುತ್ತಾನೆ. ಕರ್ಣನ ಬಳಿ ನಿಂತು, ಅವನ ಹುಟ್ಟಿನ ಗುಟ್ಟು ತನಗೆ ತಿಳಿದೇ ಇತ್ತೆಂದು ಹೇಳಿಕೊಳ್ಳುತ್ತಾನೆ. ಪಾಂಡವರ ಅಣ್ಣನೆಂದು ತಿಳಿದೂ ಅವನನ್ನು ಶಂಕಿಸದೆ ಮೈತ್ರಿಯಲ್ಲಿಟ್ಟುಕೊಂಡವನ ಔದಾರ್ಯವು ಎಂಥದು! ಸಜ್ಜನರನ್ನು ಆದರಿಸುವುದು, ಕೆಳಗಿನವರಲ್ಲಿ ಕನಿಕರ, ಕೊನೆಯವರೆಗೂ ಕದಲದಿರುವುದು, ಈ ಮೂರೂ ಆ ಅಳುವಿನೊಳಗೆ ಸೇರಿವೆ. ಈ ಗಂಡುತನಕ್ಕೆ ಮು೦ದೆ ಸೋಲಿಸತಕ್ಕ ಇನ್ನೊಬ್ಬ ಗಂಡಸು ಬೇಕಿಲ್ಲ. ಷಷ್ಠೀವಿಭಕ್ತಿಯ ಹಂಗಿಲ್ಲದ ಗಂಡುತನವಿದು. 'ಮ್ಯಾಕ್‌ಬೆತ್' ನಾಟಕದಲ್ಲಿ ಹೆಂಡತಿಮಕ್ಕಳ ಕೊಲೆಯ ಸುದ್ದಿಯನ್ನು ಕೇಳಿದ ಮ್ಯಾಕ್‌ಡಫನಿಗೆ ಗಂಡಸಿನಂತೆ ಎದುರಿಸೆಂದು ಬುದ್ಧಿ ಹೇಳಿದಾಗ, ಎದುರಿಸುವೆನಾದರೂ ಮೊದಲು ಗಂಡಸಿನಂತೆಯೇ ದುಃಖಪಡಬೇಕು ಎಂದು ಅವನು ಉತ್ತರಿಸುತ್ತಾನೆ. ಷೇಕ್ಸ್‌ಪಿಯರನು ಒಬ್ಬ ಉಪನಾಯಕನ ಬಾಯಲ್ಲಿ ಒಂದು ಮಾತಿನಲ್ಲಿ ಹೇಳಿಸಿದುದನ್ನು ಆರು ಶತಮಾನಗಳ ಹಿಂದೆಯೇ ರನ್ನನು ಒಂದು ರಣಯಾತ್ರೆಯನ್ನಾಗಿ ಬೆಳೆಸಿದ್ದಾನೆ.

ಧೃತರಾಷ್ಟ್ರ ಗಾಂಧಾರಿಯರು ಸಂಧಿಗಾಗಿ ಬೇಡುವ ಸನ್ನಿವೇಶವು ಇದಕ್ಕೆ ಮೊದಲೇ ಬರುತ್ತದೆ. ನೆಲಕ್ಕಾಗಿ ಹೋರುತ್ತಿಲ್ಲ, ಛಲಕ್ಕಾಗಿ ಹೋರುತ್ತಿದ್ದೇನೆ ಎಂದು ದುರ್ಯೋಧನನು ಭೀಷ್ಮನಿಗೆ ಹೇಳುವ ಮಾತು ಪ್ರಸಿದ್ಧವಾದುದು. ಅಲ್ಲಿ ನೆಲವನ್ನು ಕುರಿತು ಪ್ರಯೋಗಿಸಿರುವ ಕ್ರಿಯಾಪದವನ್ನು ಗಮನಿಸಬೇಕು: ಕರ್ಣನನ್ನು ಕೊಲ್ಲಿಸಿದ ಈ ಪಾಳ್ನೆಲದೊಡನೆ ಮತ್ತೆ ಕೂಡಿ ಬಾಳುವೆನೇ ಎಂಬ ಅರ್ಥವು ಅದರಲ್ಲಿದೆ. ಭೂಮಿಯು ಅರಸನ ಹೆಂಡತಿಯೆಂಬ ಕವಿಸಮಯವನ್ನೇ ಹಿಡಿದು, ಆ ದಾಂಪತ್ಯವನ್ನು ಅವನು ನಿರಾಕರಿಸುತ್ತಿದ್ದಾನೆ. ಇತ್ತ ರಾಜ್ಯಲಕ್ಷ್ಮಿಯೂ ಅವನನ್ನು ಬಿಟ್ಟು ಹೊರಟಾಗ ಅಶ್ವತ್ಥಾಮನು ದಾರಿಯಲ್ಲಿ ಕಂಡು ಅವಳನ್ನು ಹಿಂದಕ್ಕೆ ಕರೆತರುತ್ತಾನೆ. ನೆಲವೂ ಸಿರಿಯೂ ಹೆಣ್ಣಾಗಿ ಅರಸನ ಗಂಡುತನವನ್ನು ಅಳೆಯುವ ಲೋಕದಲ್ಲಿ, ಎರಡನ್ನೂ ಕಳೆದುಕೊಂಡವನು ಇನ್ನೂ ಗಂಡಸಾಗಿ ಉಳಿಯುತ್ತಾನೆಯೇ ಎಂಬುದೇ ಕವಿಯ ಪರೀಕ್ಷೆ.

ಆ ಪರೀಕ್ಷೆಯು ವೈಶಂಪಾಯನ ಸರೋವರದಲ್ಲಿ ಮುಗಿಯುತ್ತದೆ. ಬಲರಾಮಾದಿಗಳು ಬರುವವರೆಗೆ ಕೊಳದಲ್ಲಿ ಅಡಗಿರೆಂದು ಭೀಷ್ಮನು ಉಪದೇಶಿಸಿದ್ದಾನೆ. ಅಡಗಿರುವುದು ಗಾಂಭೀರ್ಯದ ಕೆಲಸ, ಒಳಗಿನ ವಿಕಾರವನ್ನು ನೀರಿನ ಕೆಳಗೆ ಮುಚ್ಚಿಡುವುದು. ದಡದಲ್ಲಿ ನಿಂತ ಭೀಮನ ಮಾತುಗಳು ಅವನ ತೇಜಸ್ಸನ್ನು ಕೆಣಕುತ್ತವೆ. ಎರಡೂ ಪುರುಷಗುಣಗಳೇ, ಒಂದನ್ನು ಉಳಿಸಿಕೊಂಡರೆ ಬದುಕು, ಇನ್ನೊಂದನ್ನು ಉಳಿಸಿಕೊಂಡರೆ ಸಾವು. ನೀರೊಳಗಿದ್ದೂ ಬೆವರಿದನೆಂಬ ಸುಪ್ರಸಿದ್ಧವಾದ ವರ್ಣನೆಯನ್ನು ಕೇವಲ ಚಮತ್ಕಾರವೆಂದು ಮೆಚ್ಚಿ ಬಿಡುವವರೇ ಹೆಚ್ಚು. ತೇಜಸ್ಸೆಂಬುದಕ್ಕೆ ಉರಿಯೆಂಬ ಅರ್ಥವೂ ಇರುವುದನ್ನು ನೆನೆದರೆ ಆ ಬೆವರು ಲಕ್ಷಣಶಾಸ್ತ್ರದ ಎರಡು ಗುಣಗಳ ತಿಕ್ಕಾಟದಿಂದ ಹುಟ್ಟಿದುದೆಂದು ಕಾಣುತ್ತದೆ. ಧನಂಜಯನ ಪಟ್ಟಿಯಲ್ಲಿ ಎಂಟು ಗುಣಗಳೂ ಒಬ್ಬನಲ್ಲಿಯೇ ಸುಖವಾಗಿ ಕೂಡಿ ಇರುತ್ತವೆ. ಅವು ಒಂದನ್ನೊಂದು ಕೊಲ್ಲಬಹುದೆಂಬುದನ್ನು ರುದ್ರಕವಿಯೇ ತೋರಿಸಬೇಕು.

ಭೀಮನ ವಿಷಯದಲ್ಲಿ ಹೇಳಬೇಕಾದುದು ಸ್ವಲ್ಪ. ಅವನ ಸ್ಥೈರ್ಯವು ನಿಷ್ಕಳಂಕವಾದುದು. ಆದರೆ ಗೆಲುವಿನ ಹೊತ್ತಿನಲ್ಲಿ ಕೃಷ್ಣನ ಸನ್ನೆಯಂತೆ ತೊಡೆಗೆ ಹೊಡೆದು, ಬಿದ್ದವನ ಮಕುಟವನ್ನು ಒದ್ದಾಗ ಶೋಭೆಯೂ ಔದಾರ್ಯವೂ ಅವನನ್ನು ಬಿಟ್ಟವು; ಬಲರಾಮನ ಕೋಪವು ನ್ಯಾಯವಾದುದು. ಆದರೆ ಅಂದು ಸಭೆಯಲ್ಲಿ ದ್ರೌಪದಿಗೆ ತೋರಿಸಿದುದೂ ಆ ತೊಡೆಯನ್ನೇ ಎಂಬುದನ್ನು ಮರೆತು ತೀರ್ಪು ಕೊಡುವುದೂ ಸಲ್ಲದು. ಭೀಮನಿಗೆ ಗದಾಶಾಸ್ತ್ರದ ನಿಯಮಕ್ಕಿಂತ ಒಬ್ಬ ಹೆಂಗಸಿನ ಅವಮಾನದ ಲೆಕ್ಕವು ದೊಡ್ಡದಾಯಿತು.

ಕೌರವರ ಕಡೆಯ ಸ್ತ್ರೀಯರಿಗೆ ರನ್ನನು ಕೊಟ್ಟಿರುವ ಸ್ಥಳ ಕಿರಿದು. 'ವೇಣೀಸಂಹಾರ'ದ ಎರಡನೆಯ ಅಂಕದಲ್ಲಿ ಯುದ್ಧದ ನಡುವೆ ಭಾನುಮತಿಯೊಡನೆ ದುರ್ಯೋಧನನ ಶೃಂಗಾರವನ್ನು ವರ್ಣಿಸಿರುವುದನ್ನು ಮಮ್ಮಟನು ಅಕಾಂಡದಲ್ಲಿ ರಸವನ್ನು ಹರಡಿದ ದೋಷಕ್ಕೆ ಉದಾಹರಣೆಯಾಗಿ ತೆಗೆದುಕೊಂಡಿದ್ದಾನೆ. ರನ್ನನು ಆ ಪ್ರಸಂಗವನ್ನು ಕೈಬಿಟ್ಟುದು ವಿವೇಕದ ಕೆಲಸ. ಆದರೆ ಅದನ್ನು ಬಿಡುವಾಗ ಹೆಂಡತಿಯ ದುಃಖವೂ ಕೈಬಿಟ್ಟುಹೋಯಿತು. ಈ ಕೊರತೆ ಭಾಸನ ಹೆಸರಿನ 'ಊರುಭಂಗ'ವನ್ನು ಓದಿದಾಗ ತಿಳಿಯುತ್ತದೆ. ತಿರುವನಂತಪುರದ ಗಣಪತಿಶಾಸ್ತ್ರಿಗಳು 1912ರಲ್ಲಿ ಅಚ್ಚುಹಾಕಿಸಿದ ರೂಪಕಗಳಲ್ಲಿ ಅದೂ ಒಂದು. ಅಲ್ಲಿ ಮಾಳವಿ, ಪೌರವಿ ಎಂಬ ಇಬ್ಬರು ರಾಣಿಯರು ಮುಸುಕಿಲ್ಲದ ತಲೆಯಲ್ಲಿ ರಣರಂಗಕ್ಕೆ ಬರುತ್ತಾರೆ. ಬೆನ್ನುಗೊಡದೆ ಬಿದ್ದವನ ಹೆಂಡತಿ ಅಳಬಾರದೆಂದು ದುರ್ಯೋಧನನು ಕ್ಷತ್ರಿಯೋಚಿತವಾಗಿ ಬುದ್ಧಿ ಹೇಳುತ್ತಾನೆ. ಅಷ್ಟರಲ್ಲಿ ಬಾಲಕ ದುರ್ಜಯನು ಬಂದು ತಂದೆಯ ತೊಡೆಯ ಮೇಲೆ ಕೂರುವುದಕ್ಕೆ ಹವಣಿಸುತ್ತಾನೆ. ಮುರಿದ ತೊಡೆಯಿಂದ ಮಗನನ್ನು ದೂರವಿಡಬೇಕಾದ ತಂದೆಗೆ ಆ ಬುದ್ಧಿವಾದವು ಯಾವ ಪ್ರಯೋಜನಕ್ಕೂ ಬಾರದು. ರನ್ನನಲ್ಲಿ ಮಗನಾದ ಲಕ್ಷಣನು ಹೆಣವಾಗಿಯೇ ಎದುರಾಗುತ್ತಾನೆ. ಎರಡರಲ್ಲಿ ಯಾವುದು ಹೆಚ್ಚು ಕರುಣವೆಂಬುದನ್ನು ಸಹೃದಯರೇ ನಿರ್ಣಯಿಸಿಕೊಳ್ಳಬೇಕು. ಬಿ. ಎಂ. ಶ್ರೀಕಂಠಯ್ಯನವರು 1929ರಲ್ಲಿ ಸೊಫೊಕ್ಲಿಸನ 'ಅಯಾಸ್' ನಾಟಕವನ್ನು 'ಅಶ್ವತ್ಥಾಮನ್' ಎಂದು ಅಳವಡಿಸುವಾಗ ನಾಯಕನಿಗೆ ಪತ್ನೀಪುತ್ರರನ್ನು ಕಲ್ಪಿಸಿಕೊಂಡುದು ಈ ಕೊರತೆಯನ್ನು ಅವರೂ ಮನಗಂಡಿದ್ದುದರಿಂದಲೇ ಇರಬಹುದು.

ಹೆಂಗಸರ ಹಿರಿಮೆಯನ್ನು ರನ್ನನು ಅರಿಯದವನೆಂದು ಇದರಿಂದ ಯಾರೂ ಭಾವಿಸಲಾಗದು. ಗಂಡನು ತೀರಿಕೊಂಡಾಗ ತಂಗಿ ಗುಂಡಮಬ್ಬೆಯು ಸಹಗಮನ ಮಾಡಿದರೂ ತಾನು ಮಗನಿಗಾಗಿ ಉಳಿದು, ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ ಅತ್ತಿಮಬ್ಬೆಯ ಆಶ್ರಯದಲ್ಲಿ ಅವನು 993ರಲ್ಲಿ 'ಅಜಿತಪುರಾಣ'ವನ್ನು ಬರೆದನು. ಅವಳನ್ನು ದಾನಚಿಂತಾಮಣಿಯೆಂದು ಹೊಗಳಿದನು. ತನ್ನ ಮಗಳಿಗೂ ಅವಳ ಹೆಸರನ್ನೇ ಇಟ್ಟನು. ಶಾಸ್ತ್ರವು ಹೆಂಗಸಿಗೆ ಕೊಟ್ಟ ಔದಾರ್ಯವು ವಿನಯ ಮಾತ್ರ. ರನ್ನನು ಕಣ್ಣಾರೆ ಕಂಡ ಔದಾರ್ಯವು ಪುರುಷರ ಪಟ್ಟಿಯಲ್ಲಿರುವುದು. ಅತ್ತಿಮಬ್ಬೆಯನ್ನು ಬಲ್ಲ ಕವಿಗೆ ಗುಣಗಳು ಗಂಡುಹೆಣ್ಣೆಂಬ ಎಲ್ಲೆಯನ್ನು ದಾಟುವುದು ಹೊಸತೇನೂ ಆಗಿರಲಿಲ್ಲ. ದ್ರೌಪದಿಗೆ ತೇಜಸ್ಸನ್ನೂ ದುರ್ಯೋಧನನಿಗೆ ಕಣ್ಣೀರನ್ನೂ ಕೊಡುವ ಧೈರ್ಯವು ಅಲ್ಲಿಂದಲೇ ಬಂದಿತೆಂದು ಊಹಿಸಿದರೆ ತಪ್ಪಾಗಲಾರದು. ದಾಟದೆ ನಿಂತುದು 'ಗಂಡ' ಎಂಬ ಶಬ್ದವೊಂದೇ. ಅದರ ಬೇಡಿಕೆಯನ್ನು ತೀರಿಸುವುದಕ್ಕಾಗಿ ಕುರುಕುಲವು ನಾಶವಾಗಬೇಕಾಯಿತು.

ಕಡೆಯ ಆಶ್ವಾಸದಲ್ಲಿ ದ್ರೌಪದಿಯ ಮುಡಿ ಕಟ್ಟಲ್ಪಡುತ್ತದೆ. ಅವಳೊಡನೆ ಭೀಮನಿಗೆ ಪಟ್ಟಾಭಿಷೇಕವಾಗುತ್ತದೆ. ಸಾಹಸಭೀಮನನ್ನು ಮೆಚ್ಚಿಸಬೇಕಾದ ಕವಿಗೆ ಬೇರೆ ಮುಗಿತಾಯವಿಲ್ಲ. ಆದರೆ ಅದಕ್ಕೆ ಮೊದಲು ಅಶ್ವತ್ಥಾಮನು ಅವಳ ಐವರು ಮಕ್ಕಳನ್ನೂ ಕೊಂದಿದ್ದಾನೆ. ಆ ಎಳೆಯರ ಕೊಲೆಗೆ ಸಾಯುತ್ತಿರುವ ದುರ್ಯೋಧನನು ಹಿಗ್ಗುವುದಿಲ್ಲ, ನೋಯುತ್ತಾನೆ. ದ್ರೌಪದಿಯ ಮಕ್ಕಳಿಗಾಗಿ ಅವಳ ವೈರಿಯು ನೊಂದುದೂ ಅವಳ ಮುಡಿಯು ಕಟ್ಟಲ್ಪಟ್ಟುದೂ ಒಂದೇ ಆಶ್ವಾಸದಲ್ಲಿ ಹೆಚ್ಚು ಅಂತರವಿಲ್ಲದೆ ಬರುತ್ತವೆ. ಪಾಠ ಹೇಳುವವರು ಸಾಮಾನ್ಯವಾಗಿ ದುರ್ಯೋಧನನ ವಿಲಾಪವನ್ನೂ ಸರೋವರದ ಪ್ರಸಂಗವನ್ನೂ ಆರಿಸಿಕೊಂಡು, ಮೊದಲನೆಯ ಆಶ್ವಾಸದ ದ್ರೌಪದಿಯನ್ನೂ ಕಡೆಯ ಆಶ್ವಾಸದ ಪಟ್ಟಾಭಿಷೇಕವನ್ನೂ ಬಿಟ್ಟುಬಿಡುತ್ತಾರೆ. ಮುಡಿ ಬಿಚ್ಚಿದವಳನ್ನು ನೋಡದೆ ಹೆಣಗಳ ನಡುವೆ ಅಳುವವನನ್ನು ನೋಡಿದ ವಿದ್ಯಾರ್ಥಿಗೆ ಅವನು ಯಾರ ಸಾಲವನ್ನು ತೀರಿಸುತ್ತಿದ್ದಾನೆಂಬುದೇ ತಿಳಿಯದೆ ಹೋಗುತ್ತದೆ.